ಐದು ಸಾವಿರದ ನೀಲಿ ಎಣ್ಣೆ

ರೇಸು ಮುಗಿಸಿ ಬಂದ ಹೆಂಡತಿ, ಮಣ್ಣು ಮೆತ್ತಿದ ಕಾರನ್ನು ಗಂಡನ ಮೇಜಿನ ಮೇಲೆ ಕುಕ್ಕಿದಳು.

"ಮೂರನೇ ಸ್ಥಾನ," ಅಂದಳು. "ಕೊನೇ ಎರಡು ಸುತ್ತು ಹಿಂದುಗಡೆ ಏನೋ ಟಕಟಕ ಅಂತಿತ್ತು. ನೋಡಿ. ಬೈಕೊಂಡು ನೋಡಬೇಡಿ, ಸುಮ್ಮನೆ ನೋಡಿ."

"ನಾನು ಕಟ್ಟಿದ ಕಾರಲ್ಲಿ ಟಕಟಕ ಅನ್ನೋಕೆ ಏನಿದೆ? ನಿನ್ನ ಕಿವೀಲಿ ಅಂದಿರಬೇಕು."

"ಹಾಗಾದ್ರೆ ನನ್ನ ಕಿವೀನೇ ಬಿಚ್ಚಿ ನೋಡಿ," ಅಂದು ಅವಳು ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿಯನ್ನು ಸೀರೆಯ ಮೇಲೆಯೇ ಏರಿಸಿಕೊಂಡು, ಬೇಲಿಯ ಸಂದಿಯಲ್ಲಿ ನುಸುಳಿ ಟ್ರ್ಯಾಕಿಗೆ ಇಳಿದಳು.

ಅಲ್ಲಿನ ಪದ್ಧತಿಯೇ ಹಾಗೆ. ಒಂದು ರೇಸಿನಲ್ಲಿ ಓಡಿಸಿದವರು ಮುಂದಿನ ರೇಸಿನಲ್ಲಿ ಟ್ರ್ಯಾಕಿನ ಒಳಗೆ ಒಂದೊಂದು ನಂಬರಿನ ಜಾಗದಲ್ಲಿ ನಿಲ್ಲಬೇಕು. ಯಾರದಾದರೂ ಕಾರು ಮಗುಚಿಕೊಂಡರೆ ಓಡಿ ಹೋಗಿ ಎತ್ತಿ ನೆಟ್ಟಗೆ ಇಡಬೇಕು. ಡಾಕ್ಟರಾಗಲಿ ದರ್ಜಿಯಾಗಲಿ, ಯಾರಿಗೂ ವಿನಾಯಿತಿ ಇಲ್ಲ. ಇವಳ ಪಾಲಿಗೆ ಆವತ್ತು ನಾಲ್ಕನೇ ಜಾಗ ಬಂದಿತ್ತು. ನೇರ ದಾರಿ ಮುಗಿದು ಕಾರುಗಳು ಬ್ರೇಕು ಹಿಡಿದು ಎಡಕ್ಕೆ ಹೊರಳುವ ಮೂಲೆ ಅದು.

ಇವು ಮಕ್ಕಳ ಆಟಿಕೆ ಅಂದುಕೊಂಡವರು ಒಂದು ಸಲ ಆ ಮೂಲೆಯಲ್ಲಿ ನಿಂತು ನೋಡಬೇಕು. ಮೊಣಕೈಯಷ್ಟು ಉದ್ದ, ನಾಲ್ಕು ಕಿಲೋ ತೂಕ. ಕೈಯಲ್ಲಿರುವ ರಿಮೋಟಿನ ಗುಂಡಿ ಒತ್ತಿದರೆ ಬೈಕಿನ ವೇಗದಲ್ಲಿ ಮಣ್ಣು ಹಾರಿಸಿಕೊಂಡು ಬರುತ್ತವೆ. ಇಟ್ಟಿಗೆಗೆ ಚಕ್ರ ಕಟ್ಟಿ ಎಸೆದ ಹಾಗೆ.

ಗಂಡನಿಗೆ ಅಲ್ಲಿ ಎಲ್ಲರೂ ಕುಕ್ಕರ್ ಅನ್ನುತ್ತಿದ್ದರು. ಮೊದಲು ಮೂಗಿನಲ್ಲಿ ಸುಯ್ ಅನ್ನುತ್ತಿತ್ತು, ಆಮೇಲೆ ಕಿವಿ ಕೆಂಪಾಗುತ್ತಿತ್ತು, ಮೂರನೇ ಸೀಟಿಗೆ ಎದುರಿಗಿದ್ದವರು ಬಾಗಿಲು ಹುಡುಕಬೇಕಾಗುತ್ತಿತ್ತು. ಹೊಟ್ಟೆಪಾಡಿಗೆ ಹೊಲಿಗೆ ಮೆಷಿನ್ನು ರಿಪೇರಿ. ಅವನು ರಿಪೇರಿ ಮಾಡಿದ ಮೆಷಿನ್ನಿನಲ್ಲೇ ಅವಳು ಮೂವತ್ತು ವರ್ಷದಿಂದ ಹೊಲಿಯುತ್ತಿದ್ದಳು. ಯಾರೋ ಒಂದು ದಿನ ಹಲ್ಲು ಮುರಿದ ಪುಟ್ಟ ಗೇರು ತಂದು, ಇದು ಆಟದ ಕಾರಿಂದು, ಸರಿ ಮಾಡ್ತೀರಾ ಅಂತ ಕೇಳಿದ್ದೇ ನೆಪ, ಗಂಡ ಹೆಂಡತಿ ಇಬ್ಬರೂ ಹಳ್ಳಕ್ಕೆ ಬಿದ್ದರು. ಅವಳ ಹೆಬ್ಬೆರಳು ರಿಮೋಟಿಗೆ ಹೇಳಿ ಮಾಡಿಸಿದ ಹಾಗಿತ್ತು. ಅವನ ಬೆರಳು ಡಿಫರೆನ್ಷಿಯಲ್ಲಿಗೆ.

ಕಾರು ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಜಾಸ್ತಿ ಓಡಬೇಕಲ್ಲ, ಅದಕ್ಕೆ ಆಸ್ಪದ ಕೊಡುವ ಗೇರುಗಳ ಗಂಟೇ ಡಿಫರೆನ್ಷಿಯಲ್. ಈ ಕಾರುಗಳಲ್ಲಿ ಅಂಥವು ಮೂರು: ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು, ಮುಂದಕ್ಕೆಷ್ಟು ಹಿಂದಕ್ಕೆಷ್ಟು ಅಂತ ಬಲ ಹಂಚುವುದಕ್ಕೆ ನಡುವೆ ಒಂದು. ಆದರೆ ಅದಕ್ಕೊಂದು ಕೆಟ್ಟ ಬುದ್ಧಿ ಇದೆ. ಯಾವ ಕಡೆ ಭಾರ ಇಲ್ಲವೋ ಆ ಕಡೆಗೇ ಎಲ್ಲವನ್ನೂ ಸುರಿದುಬಿಡುತ್ತದೆ. ಗಾಳಿಯಲ್ಲಿ ಎದ್ದ ಚಕ್ರ ಗಿರಗಿರ ತಿರುಗುತ್ತದೆ, ನೆಲದ ಮೇಲಿರುವುದು ಪಿಳಿಪಿಳಿ ನೋಡುತ್ತಾ ಕೂರುತ್ತದೆ. ಆ ಬುದ್ಧಿಗೆ ಕಡಿವಾಣ ಹಾಕಲು ಒಳಗೆ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಮೂರು ಸಾವಿರ, ಐದು ಸಾವಿರ, ಇಪ್ಪತ್ತು ಸಾವಿರ ಅಂತ ಅದರ ಮಂದಕ್ಕೆ ನಂಬರು. ನಂಬರು ಏರಿದಷ್ಟೂ ಕಡಿವಾಣ ಬಿಗಿ. ಯಾವ ಮಣ್ಣಿಗೆ ಎಷ್ಟು ಅನ್ನುವುದರಲ್ಲೇ ಇರುವುದು ಕೈಚಳಕ. ಕುಕ್ಕರಿಗೆ ಬಾಟಲಿ ನೋಡುವುದೂ ಬೇಕಿರಲಿಲ್ಲ. ಒಂದು ಹನಿಯನ್ನು ಬೆರಳ ನಡುವೆ ಉಜ್ಜಿ ನಂಬರು ಹೇಳುತ್ತಿದ್ದ. ಹತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಹೆಂಡತಿ ಅತ್ತ ಹೋದಮೇಲೆ ಅವನು ಕಾರು ಮಗುಚಿ, ಹಿಂದಿನ ಡಿಫರೆನ್ಷಿಯಲ್ಲಿಗೆ ಹೋಗುವ ಉದ್ದ ಸರಳನ್ನು ಹಿಡಿದು ಅಲುಗಾಡಿಸಿದ.

ಟಕ್ ಅಂತು.

ಆ ಸರಳಿನ ತುದಿಗೆ ಒಂದು ಉಕ್ಕಿನ ಬಟ್ಟಲು. ಬಟ್ಟಲು ಜಾರದ ಹಾಗೆ ತಲೆಯಿಲ್ಲದ ಒಂದು ಪುಟ್ಟ ಸ್ಕ್ರೂ. ಸ್ಕ್ರೂ ಸಡಿಲವಾಗದ ಹಾಗೆ ಅದಕ್ಕೊಂದು ತೊಟ್ಟು ಅಂಟು. ಅಂಟು ಹಾಕಿದ ಗುರುತಿಗೆ ಬಟ್ಟಲ ಮೇಲೆ ಹೆಂಡತಿಯ ನೇಲ್ ಪಾಲಿಷಿನಿಂದ ಒಂದು ಕೆಂಪು ಬೊಟ್ಟು. ಬೊಟ್ಟು ಇತ್ತು, ಕೆಂಪಗೆ, ಗುಂಡಗೆ. ಅವನು ಸ್ಕ್ರೂ ಬಿಚ್ಚುವ ಕೀಲಿ ಹಾಕಿದ. ಅಂಟು ಹಿಡಿದ ಸ್ಕ್ರೂ ಬಿಚ್ಚಲು ಮಣಿಕಟ್ಟು ನೋಯಬೇಕು. ಇದು ಬೆಣ್ಣೆಯಲ್ಲಿ ನೆಟ್ಟ ಹಾಗೆ ತಿರುಗಿ ಅಂಗೈಗೆ ಬಿತ್ತು.

ಸ್ಕ್ರೂವಿನ ಮೈ ನೀಲಿ ನೀಲಿಯಾಗಿ ಒದ್ದೆಯಾಗಿತ್ತು. ಅಂಟಾಗಿದ್ದರೆ ರಾತ್ರಿ ಕಳೆದ ಮೇಲೆ ಒಣಗಿ ಪುಡಿಪುಡಿಯಾಗಿರಬೇಕಿತ್ತು. ಅವನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಉಜ್ಜಿದ. ನುಣ್ಣಗೆ ಜಾರಿತು. ಇನ್ನೊಂದು ಸಲ ಉಜ್ಜಿದ. ಬುದ್ಧಿ ಬೇಡ ಬೇಡ ಅನ್ನುತ್ತಿದ್ದರೂ ಬೆರಳು ತನ್ನ ಪಾಡಿಗೆ ಲೆಕ್ಕ ಹೇಳಿಬಿಟ್ಟಿತು.

ಐದು ಸಾವಿರ.



ಮೇಜಿನ ಕೆಳಗಿನ ಪೆಟ್ಟಿಗೆಯನ್ನು ಎಳೆದ. ಒಂದೇ ತರಹದ ಎರಡು ಕೆಂಪು ಬಾಟಲಿ. ಅಂಟಿನ ಬಾಟಲಿಯ ಮೂತಿ ಸಣ್ಣಗಿರುತ್ತದೆ, ತೊಟ್ಟು ತೊಟ್ಟಾಗಿ ಬಿಡಲು ಸಲೀಸು ಅಂತ, ಖಾಲಿಯಾದ ಬಾಟಲಿಗಳನ್ನು ಅವನು ಎಸೆಯುತ್ತಿರಲಿಲ್ಲ. ತೊಳೆದು, ಅದರಲ್ಲಿ ಎಣ್ಣೆ ತುಂಬಿ, ಟೇಪು ಅಂಟಿಸಿ ನಂಬರು ಬರೆದಿಡುತ್ತಿದ್ದ. "ಒಂದಲ್ಲ ಒಂದು ದಿನ ಗ್ರಹಚಾರ ಕಾದಿದೆ, ಬೇರೆ ಬಾಟಲಿ ತಗೊಳ್ಳಿ" ಅಂತ ಹೆಂಡತಿ ಹೇಳಿದ್ದಳು. "ನನ್ನ ಪೆಟ್ಟಿಗೆ ನನಗೆ ಗೊತ್ತು" ಅಂತ ಇವನು ಹಾರಿಬಿದ್ದಿದ್ದ. ಈಗ ಟೇಪು ಬಿಚ್ಚಿಕೊಂಡು ಪೆಟ್ಟಿಗೆಯ ತಳದಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. 5000. ಅವನದೇ ಕೈಬರಹ. ಎರಡನೇ ಬಾಟಲಿ ಹೊಸದು. ಅದರ ಮೂತಿಯನ್ನು ಇನ್ನೂ ಕತ್ತರಿಸಿಯೇ ಇರಲಿಲ್ಲ.

ಮಾಮೂಲಿಯಾಗಿ ಎಣ್ಣೆ ನೀರಿನ ಬಣ್ಣ, ಅಂಟು ನೀಲಿ. ಈ ವರ್ಷ ತರಿಸಿದ ಐದು ಸಾವಿರದ ಎಣ್ಣೆಗೆ ಯಾವ ಪುಣ್ಯಾತ್ಮ ನೀಲಿ ಬಣ್ಣ ಬೆರೆಸಿದ್ದನೋ.

ನಿನ್ನೆ ಸಂಜೆ ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಮೆಷಿನ್ನುಗಳ ನಡುವೆ ಕೂತು ಅವನು ನಾಲ್ಕು ಕಾರು ಕಟ್ಟಿದ್ದ. ಹೆಂಡತಿಯದು ಒಂದು, ಬೇಕರಿ ಇಟ್ಟಿರುವ ಅಣ್ಣತಮ್ಮಂದಿರದು ಎರಡು, ಹಲ್ಲಿನ ಡಾಕ್ಟರದು ಒಂದು. ಸ್ಕ್ರೂಗಳಿಗೆ ಅಂಟು ಹಾಕುವ ಹೊತ್ತಿಗೇ ಡಾಕ್ಟರು ಮೂರನೇ ಸಲ ಫೋನು ಮಾಡಿದ್ದರು.

"ನಡುವಿನದಕ್ಕೆ ಇಪ್ಪತ್ತು ಸಾವಿರವೇ ಹಾಕಿ. ನಾನು ಓದಿದೀನಿ."

"ಓದೋದು ಬೇರೆ, ಮಣ್ಣು ಬೇರೆ. ಅಲ್ಲಿರೋದು ಹಿಟ್ಟಿನಂಥ ಪುಡಿಮಣ್ಣು. ಇಪ್ಪತ್ತು ಹಾಕಿದ್ರೆ ಕಾರು ಬುಗುರಿ ಆಡುತ್ತೆ. ಐದು ಸಾಕು."

"ಕಾರು ನಂದು, ಕುಕ್ಕರ್."

"ಬಾಯೊಳಗಿನ ಹಲ್ಲು ನೀವು ನೋಡ್ಕೊಳ್ಳಿ, ಗೇರಿನ ಹಲ್ಲು ನನಗೆ ಬಿಡಿ!"

ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಬೈಯುತ್ತಾ ಬೈಯುತ್ತಾ ನಾಲ್ಕು ಸ್ಕ್ರೂಗೆ ನೀಲಿ ತೊಟ್ಟು, ನಾಲ್ಕು ಬಟ್ಟಲಿಗೆ ಕೆಂಪು ಬೊಟ್ಟು. ಕೊನೆಗೆ "ಆಯ್ತು, ಇಪ್ಪತ್ತೇ ಹಾಕಿದೀನಿ, ಹೋಗಿ ಮಲಗಿ" ಅಂತ ಹೇಳಿ ಫೋನು ಇಟ್ಟಿದ್ದ. ತುಂಬಿದ್ದು ಐದೇ. ಓಡಿಸಿ ಗೆದ್ದಮೇಲೆ ಹೇಳಿ ಮುಖಕ್ಕೆ ಉಗಿದ ಹಾಗೆ ಮಾಡೋಣ ಅಂದುಕೊಂಡಿದ್ದ.

ಬೋಳು ಸ್ಕ್ರೂ ಆಗಿದ್ದರೆ ಎರಡು ರೇಸು ತಡೆಯುತ್ತಿತ್ತೋ ಏನೋ. ಎಣ್ಣೆ ಹಚ್ಚಿದ ಸ್ಕ್ರೂ ಒಂದು ತಡೆದರೆ ಅದೇ ಹೆಚ್ಚು.

ಆಗ ಅವನ ಕಿವಿಗೆ ಮೈಕಿನ ದನಿ ಬಿತ್ತು. "ಮೂರನೇ ನಿಮಿಷ! ಮುಂದೆ ಇರೋದು ನಮ್ಮ ಹಲ್ಲಿನ ಡಾಕ್ಟ್ರು, ಬಿಳೀ ಕಾರು!"

ಕುಕ್ಕರ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಬೇಲಿಯಾಚೆ ಬಿಳೀ ಕಾರು ನೇರ ದಾರಿಗೆ ಬಂದು, ಕಿರುಚಿಕೊಂಡು ಓಡಿ, ನಾಲ್ಕನೇ ಜಾಗದ ಹತ್ತಿರ ಮೂತಿ ತಗ್ಗಿಸಿ ಹೊರಳಿತು. ಅಲ್ಲಿಂದ ನಾಲ್ಕು ಮಾರು ದೂರದಲ್ಲಿ, ಮಣ್ಣು ತುಂಬಿದ ಅಗಲ ಪೈಪಿನ ಹಿಂದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಅವನ ಹೆಂಡತಿ ನಿಂತಿದ್ದಳು.

ಆ ಬಟ್ಟಲು ಜಾರಿದರೆ ಏನಾಗುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬ್ಯಾಟರಿ ಕಾರಿಗೆ ಬ್ರೇಕು ಅಂದರೂ ಅದೇ ಮೋಟರು, ಓಟ ಅಂದರೂ ಅದೇ ಮೋಟರು. ಎರಡೂ ಹೋಗುವುದು ನಡುವಿನ ಡಿಫರೆನ್ಷಿಯಲ್ ಮೂಲಕ. ಹಿಂದಿನ ಸರಳು ಕಳಚಿದರೆ ಆ ಕಡೆ ಭಾರವಿಲ್ಲ. ಭಾರವಿಲ್ಲದ ಕಡೆಗೆ ಎಲ್ಲವೂ ಸುರಿದುಹೋಗುತ್ತದೆ. ಬ್ರೇಕು ಹಿಡಿದರೆ ಕಳಚಿದ ಸರಳು ಹಿಂದಕ್ಕೂ ಮುಂದಕ್ಕೂ ತಿರುಗುತ್ತದೆಯೇ ಹೊರತು ನಾಲ್ಕು ಚಕ್ರಕ್ಕೂ ಸುದ್ದಿ ಮುಟ್ಟುವುದಿಲ್ಲ. ಒಳಗೆ ಇಪ್ಪತ್ತು ಸಾವಿರ ಇದ್ದಿದ್ದರೆ ಆ ಮಂದದಲ್ಲೇ ಅರೆಬರೆಯಾದರೂ ಹಿಡಿಯುತ್ತಿತ್ತು. ಐದು ಏನೇನೂ ಹಿಡಿಯುವುದಿಲ್ಲ. ಆ ಐದನ್ನು ಹಟಕ್ಕೆ ಬಿದ್ದು ತುಂಬಿದವನೂ ಅವನೇ.

ಒಂದು ಸುತ್ತಿಗೆ ನಲವತ್ತು ಸೆಕೆಂಡು. ಅಂದರೆ ನಲವತ್ತು ಸೆಕೆಂಡಿಗೊಂದು ಸಲ ಆ ಇಟ್ಟಿಗೆ ಅವಳ ಕಡೆಗೆ ಹಾರುತ್ತದೆ.

ಅವನು ಓಡಿದ. ಓಡಿಸುವವರೆಲ್ಲ ಸಾಲಾಗಿ ನಿಲ್ಲುವ ಮರದ ಅಟ್ಟ, ಅದರ ಮೂಲೆಯಲ್ಲಿ ಮೈಕು ಹಿಡಿದ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟು ಹತ್ತು ವರ್ಷವಾದರೂ ಕುತ್ತಿಗೆಯಲ್ಲಿ ಸೀಟಿ ನೇತಾಡುತ್ತಲೇ ಇತ್ತು.

"ಬಂದ್ಯಾ ಕುಕ್ಕರ್?" ಮೇಷ್ಟ್ರು ಮೈಕಿನ ಮೇಲೆ ಕೈ ಮುಚ್ಚಿ ಅಂದರು. "ಎಷ್ಟನೇ ಸೀಟಿ?"

"ರೇಸ್ ನಿಲ್ಲಿಸಿ."

"ಯಾಕೆ?"

ಬಾಯಿ ತೆರೆದ. ಅಟ್ಟದ ಮೇಲೆ ಎಂಟು ಜನ, ಕೆಳಗೆ ನೂರು ಜನ. ಬೇಕರಿಯ ಅಣ್ಣತಮ್ಮಂದಿರು ಬೇಲಿಗೆ ಒರಗಿ ಇತ್ತಲೇ ನೋಡುತ್ತಿದ್ದರು. ಹಿಂದೊಮ್ಮೆ ಅಣ್ಣನ ಕಾರಿಗೆ ಮುಂದಿನ ಡಿಫರೆನ್ಷಿಯಲ್ಲನ್ನು ಇವನು ಉಲ್ಟಾ ಕೂರಿಸಿದ್ದರಿಂದ, ಮುಂದಿನ ಚಕ್ರ ಮನೆಗೆ ಹಿಂದಿನ ಚಕ್ರ ಬೇಕರಿಗೆ ಅಂತ ಕಾರು ನಿಂತಲ್ಲೇ ನಡುಗಿತ್ತು. ಅದನ್ನು ಅವರು ಇವತ್ತಿಗೂ ಹೇಳಿ ನಗುತ್ತಿದ್ದರು. ಕೆಂಪು ಬೊಟ್ಟು ಇಡುವುದು ಶುರುವಾಗಿದ್ದೇ ಆ ನಗು ತಾಳಲಾರದೆ. ಬೊಟ್ಟಿದ್ದ ಮೇಲೆ ಬಿಗಿಯಾಗಿದೆ ಅಂತ ಲೆಕ್ಕ. ಊರಿಗೆಲ್ಲ ಅದೇ ಮಾತು.

"ಸುಮ್ಮನೆ ನಿಲ್ಲಿಸಿ ಅಂದ್ರೆ ನಿಲ್ಲಿಸಿ!"

"ಆಹಾ! ಎರಡು ತಿಂಗಳ ಹಿಂದೆ ಇದೇ ಗಂಟಲಲ್ಲಿ ಕೂಗಿ ಮೈಕಿನ ವಯರು ಕಿತ್ತಿದ್ದೆ. ನೆನಪಿದೆಯಾ? ಅಗೋ, ಆ ಹಾಳೆ ಓದು." ಕಂಬದ ಮೇಲೆ ಸಮಿತಿಯವರು ಅಂಟಿಸಿದ್ದ ಹಾಳೆ ಇತ್ತು. ರೇಸಿನ ನಡುವೆ ಇನ್ನೊಂದು ಸಲ ಗಲಾಟೆ ಮಾಡಿದರೆ ಗಂಡ ಹೆಂಡತಿ ಇಬ್ಬರೂ ವರ್ಷಪೂರ್ತಿ ಹೊರಗೆ. "ಅಕ್ಕನ ಮುಖ ನೋಡಿ ಸುಮ್ಮನಿದೀವಿ. ಕೆಳಗಿಳಿ."

ಅಕ್ಕ ಅಂದರೆ ಅವನ ಹೆಂಡತಿ. ಅವಳನ್ನು ಅಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಬಿಳೀ ಕಾರು ಮತ್ತೆ ನೇರ ದಾರಿಗೆ ಬಂತು. ಮೂತಿ ತಗ್ಗಿಸಿತು, ಹೊರಳಿತು. ಆದರೆ ಹೋದ ಸಲಕ್ಕಿಂತ ಒಂದು ಮಾರು ಮುಂದಕ್ಕೆ ಹೋಗಿ ಹೊರಳಿತು.

ಅವನು ಮೇಷ್ಟ್ರನ್ನು ಬಿಟ್ಟು ಡಾಕ್ಟರ ಪಕ್ಕಕ್ಕೆ ನುಗ್ಗಿದ. "ಡಾಕ್ಟ್ರೇ, ಕಾರು ಒಳಗೆ ತನ್ನಿ."

"ಈಗಲಾ? ನಾನು ಮೊದಲನೇದು!" ಡಾಕ್ಟರು ಟ್ರ್ಯಾಕಿನಿಂದ ಕಣ್ಣು ಕೀಳಲಿಲ್ಲ.

"ಬ್ಯಾಟರಿ... ಬ್ಯಾಟರಿ ಬಿಸಿಯಾಗಿರಬೇಕು."

"ಇಲ್ಲಿ ನಿಂತು ನಿಮಗೆ ಅದು ಹೆಂಗೆ ಗೊತ್ತಾಯ್ತು? ಕೈಯಿಟ್ಟು ನೋಡಿದ್ರಾ?" ಡಾಕ್ಟರ ಹೆಬ್ಬೆರಳು ಗುಂಡಿಯ ಮೇಲೆ ಕುಣಿಯುತ್ತಿತ್ತು. "ನಾನು ಹೊರಗೆ ಹೋದ್ರೆ ಅಕ್ಕ ಪಾಯಿಂಟ್ ಪಟ್ಟೀಲಿ ಮೇಲೆ ಬರ್ತಾರೆ. ನನಗೂ ಓದೋಕೆ ಬರುತ್ತೆ ಸ್ವಾಮಿ. ಅಲ್ಲಾ, ಬ್ರೇಕ್ ಯಾಕೋ ಮೆತ್ತಗಿದೆ. ಇಪ್ಪತ್ತೇ ತಾನೆ ತುಂಬಿದ್ದು?"

"ಹೂಂ" ಅಂದುಬಿಟ್ಟ.

ಹಾಗೆ ಅಂದ ಬಾಯನ್ನು ಅಲ್ಲೇ ಹೊಲಿದುಬಿಡಬೇಕು ಅನ್ನಿಸಿತು. ಹೆಂಡತಿಯ ಕಾಲಿಗೂ ತನ್ನ ಹೆಸರಿಗೂ ನಡುವೆ ತಕ್ಕಡಿ ಹಿಡಿದು ನಿಂತಿದ್ದ. ತಕ್ಕಡಿ ಇನ್ನೂ ಅಲ್ಲಾಡುತ್ತಲೇ ಇತ್ತು. ಅಂಗೈ ಬೆವೆತು, ಅದರಲ್ಲಿದ್ದ ಸ್ಕ್ರೂ ಚರ್ಮಕ್ಕೆ ಅಂಟಿತ್ತು. ಅದನ್ನು ಎತ್ತಿಕೊಂಡು ಬಂದದ್ದೇ ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಹಳದಿ ಕಾರು ನೇರ ದಾರಿಯ ಕೊನೆಯಲ್ಲಿ ಪೈಪಿಗೆ ತಾಗಿ ಎರಡು ಲಾಗ ಹಾಕಿ, ಟ್ರ್ಯಾಕಿನ ನಟ್ಟನಡುವೆ ಹೊಟ್ಟೆ ಮೇಲೆ ಮಾಡಿ ಬಿದ್ದಿತು. ಸರಿಯಾಗಿ ನಾಲ್ಕನೇ ಜಾಗದ ಎದುರಿಗೆ. ಅವಳು ಪೈಪಿನ ಮೇಲೆ ಒಂದು ಕಾಲಿಟ್ಟು ಆ ಕಡೆ ಈ ಕಡೆ ನೋಡಿದಳು. ಕಾರುಗಳು ಬರುತ್ತಿದ್ದವು. ಸಂದು ಸಿಗಲಿ ಅಂತ ಕಾದಳು. ಅವಳು ಯಾವಾಗಲೂ ಹುಷಾರು. ಆದರೆ ಹುಷಾರು ಅಂದರೆ, ಬರುವ ಕಾರಿಗೆ ಬ್ರೇಕು ಇದೆ ಅನ್ನುವ ನಂಬಿಕೆಯ ಮೇಲಿನ ಹುಷಾರು.

ಕುಕ್ಕರ್ ಮೇಷ್ಟ್ರ ಕೈಯಿಂದ ಮೈಕು ಕಿತ್ತುಕೊಂಡ.

"ತಪ್ಪು ನಂದು!" ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ನಿನ್ನೆ ನಾನು ನಾಲ್ಕು ಕಾರಿಗೆ ಅಂಟು ಅಂತ ಎಣ್ಣೆ ಹಾಕಿದೀನಿ! ಡಾಕ್ಟ್ರ ಕಾರಿನ ಸ್ಕ್ರೂ ಕಳಚುತ್ತೆ, ಬ್ರೇಕ್ ಹೋಗುತ್ತೆ! ಇಪ್ಪತ್ತು ಸಾವಿರ ಅಂದದ್ದೂ ಸುಳ್ಳು, ಐದೇ ಇರೋದು! ನಾಲ್ಕರಲ್ಲಿ ನನ್ನ ಹೆಂಡ್ತಿ ಇದಾಳೆ, ನಿಲ್ಲಿಸ್ರಪ್ಪಾ!"

ಮೇಷ್ಟ್ರು ಅವನ ಮುಖ ನೋಡಿದರು. ಆಮೇಲೆ ಕೆಂಪು ಗುಂಡಿ ಗುದ್ದಿದರು. ಹಾರನ್ ಕೂಗಿತು.

ಹಾರನ್ ಬಾರಿಸಿದರೆ ಓಡಿಸುವವರೆಲ್ಲ ಬ್ರೇಕು ಹಿಡಿಯಬೇಕು. ಹಾರನ್ ಬಾರಿಸಿದರೆ ಒಳಗೆ ನಿಂತವರೆಲ್ಲ ಟ್ರ್ಯಾಕಿಗೆ ಇಳಿದು ಕಾರುಗಳನ್ನು ಎತ್ತಿಕೊಳ್ಳಬೇಕು. ಅದೂ ಪದ್ಧತಿಯೇ. ಕುಕ್ಕರಿಗೆ ಅದು ಹೊಳೆದದ್ದು ಹೆಂಡತಿ ಪೈಪು ದಾಟಿ ಹಳದಿ ಕಾರಿನ ಕಡೆಗೆ ಬಗ್ಗಿದಾಗ. ಬೆನ್ನು ನೇರ ದಾರಿಯ ಕಡೆಗಿತ್ತು.

ಬಿಳೀ ಕಾರು ಆಗ ನೇರ ದಾರಿಯ ಅರ್ಧಕ್ಕೆ ಬಂದಿತ್ತು.

"ಹಿಡೀತಿಲ್ಲ," ಅಂದರು ಡಾಕ್ಟರು. ಸಣ್ಣ ದನಿಯಲ್ಲಿ, ಯಾರದೋ ಬಾಯೊಳಗೆ ನೋಡಿ ಹೇಳಿದ ಹಾಗೆ. ಆಮೇಲೆ ಚೀರಿದರು. "ಬ್ರೇಕ್ ಹಿಡೀತಿಲ್ಲ!"

ಮಿಕ್ಕ ಕಾರುಗಳೆಲ್ಲ ನಿಂತಿದ್ದವು. ಇಡೀ ಟ್ರ್ಯಾಕು ಗಪ್ಪಾಗಿತ್ತು. ಮೋಟರಿನ ಕಿರುಚಾಟವೂ ಇಲ್ಲದೆ, ಆ ಬಿಳೀ ಇಟ್ಟಿಗೆ ಒಂದು ಸುಯ್ಲು ಮಾಡಿಕೊಂಡು ಬರುತ್ತಿತ್ತು. ಅದರ ಹೊಟ್ಟೆಯೊಳಗೆ ಕಳಚಿದ ಸರಳಿನ ಸಣ್ಣ ಸದ್ದು, ಟಕಟಕಟಕ.

"ಏಯ್!" ಅಂತ ಕುಕ್ಕರ್ ಮೈಕಿನಲ್ಲಿ ಕೂಗಿದ. ಮೂವತ್ತು ವರ್ಷದಿಂದ ಕರೆದ ಹಾಗೆಯೇ ಕರೆದ. "ಏಯ್! ಏಯ್!"

ಅವಳು ತಲೆ ಎತ್ತಲಿಲ್ಲ.

ಕೊನೆಗೆ ಯಾಕೆ ತಿರುಗಿದಳೋ, ಆ ಟಕಟಕಕ್ಕೇ ಇರಬೇಕು. ಸೊಂಟ ತಿರುಗಿತು, ಒಂದು ಕಾಲು ಮೇಲೆದ್ದಿತು, ಇನ್ನೊಂದು ಕಾಲು ನೆಲದ ಮೇಲೇ ಇತ್ತು. ಬಿಳೀ ಕಾರು ಹಳದಿ ಕಾರಿಗೆ ಬಡಿಯಿತು. ಹಳದಿ ಕಾರು ಅವಳ ಮೊಣಕಾಲಿನ ಕೆಳಗೆ ಬಡಿಯಿತು. ಧೂಳೆದ್ದಿತು. ಧೂಳಿನೊಳಗೆ ಕಿತ್ತಳೆ ಬಣ್ಣ ಒಂದು ಸಲ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು.

ಅಟ್ಟದಿಂದ ಹೇಗೆ ಇಳಿದ, ಬೇಲಿ ಹೇಗೆ ಹಾರಿದ ಅವನಿಗೆ ನೆನಪಿಲ್ಲ. ಚಪ್ಪಲಿ ಒಂದು ಎಲ್ಲೋ ಉಳಿಯಿತು. ಅವಳು ಪೈಪಿಗೆ ಬೆನ್ನು ಕೊಟ್ಟು ಕೂತಿದ್ದಳು. ಮುಖ ಸುಣ್ಣದ ಹಾಗಿತ್ತು. ಎರಡೂ ಕೈಯಲ್ಲಿ ಕಾಲು ಹಿಡಿದುಕೊಂಡಿದ್ದಳು, ಬೆರಳ ಸಂದಿಯಲ್ಲಿ ರಕ್ತ. ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಮುಟ್ಟಲು ಧೈರ್ಯ ಬರಲಿಲ್ಲ.

ಡಾಕ್ಟರೂ ಏದುಸಿರು ಬಿಡುತ್ತಾ ಬಂದರು. "ಅಕ್ಕ, ಕೈ ಸರಿಸಿ, ನೋಡ್ತೀನಿ. ನಾನು ಡಾಕ್ಟ್ರು."

"ಕಾಲಿಗೆ ಹಲ್ಲಿಲ್ಲ ಡಾಕ್ಟ್ರೇ," ಅಂದಳು. ನಗಲು ಹೋಗಿ ಮುಖ ಕಿವುಚಿದಳು. ಡಾಕ್ಟರು ಒತ್ತಿ ನೋಡಿದರು, ಪಾದ ತಿರುಗಿಸಿ ನೋಡಿದರು. ಮೂಳೆ ಮುರಿದ ಹಾಗಿಲ್ಲ, ಸೀಳಿರಬಹುದು, ಎಕ್ಸ್‌ರೇ ಆಗಲೇಬೇಕು ಅಂದರು. ಕರವಸ್ತ್ರ ಬಿಗಿದರು.

"ಕೂಗಿದೆ ನಾನು," ಅಂದ ಕುಕ್ಕರ್. "ಮೈಕಲ್ಲಿ ಕೂಗಿದೆ. ಕೇಳಿಸಲಿಲ್ಲವಾ?"

"ಕೇಳಿಸ್ತು." ಅವಳು ಅವನನ್ನು ನೇರವಾಗಿ ನೋಡಿದಳು. "ಮಾಮೂಲಿ ಕೂಗಾಟ ಅಂದ್ಕೊಂಡೆ. ಯಾರಿಗೋ ಬೈತಿದೀರಿ ಅಂತ. ನಾನು ಯಾವಾಗ ಕಿವಿ ಕೊಟ್ಟಿದೀನಿ ಅದಕ್ಕೆ?"

ನೂರು ಜನರ ಮುಂದೆ ಆಗಲೇ ಹೇಳಿದ್ದನ್ನು ಅವಳೊಬ್ಬಳ ಮುಂದೆ ಇನ್ನೊಂದು ಸಲ ಹೇಳಬೇಕಾಯಿತು. ಬಾಟಲಿ, ಟೇಪು, ನೀಲಿ ಬಣ್ಣ, ಫೋನು. ಅಂಗೈ ಬಿಚ್ಚಿ ಸ್ಕ್ರೂ ತೋರಿಸಿದ. ಇದು ಮೈಕಿಗಿಂತ ಕಷ್ಟವಾಯಿತು. ಅವಳು ಸ್ಕ್ರೂ ತೆಗೆದುಕೊಂಡು ಬೆರಳಲ್ಲಿ ಉಜ್ಜಿದಳು. ಬಾಟಲಿಯ ವಿಷಯ ನಾನು ಹೇಳಿರಲಿಲ್ಲವಾ ಅಂತ ಕೇಳಲಿಲ್ಲ.

"ನಾಲ್ಕು ಕಾರು ಅಂದ್ರಿ. ನಂದೊಂದು, ಡಾಕ್ಟ್ರದೊಂದು. ಮಿಕ್ಕಿದ್ದು?"

"ಬೇಕರಿಯವರದು. ಮುಂದಿನ ರೇಸಲ್ಲಿ."

"ಹಾಗಾದ್ರೆ ಇಲ್ಲಿ ಯಾಕೆ ಕೂತಿದೀರಿ?"

ಅವನು ಎದ್ದ. ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಬೇಕರಿಯವರ ಮೇಜಿಗೆ ಹೋದ. ಅಲ್ಲಿ ಯಾರೂ ನಗುತ್ತಿರಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ತಮ್ಮ ಸುಮ್ಮನೆ ಜಾಗ ಬಿಟ್ಟುಕೊಟ್ಟ. ಕುಕ್ಕರ್ ಎರಡೂ ಕಾರು ಮಗುಚಿದ. ಕೀಲಿ ಸ್ಕ್ರೂವಿನ ಬಾಯಿಗೆ ಕೂರಲಿಲ್ಲ, ಮೂರು ಸಲ ಜಾರಿತು. ನಾಲ್ಕನೇ ಸಲ ಕೂತಿತು. ತಮ್ಮನ ಕಾರಿನ ಸ್ಕ್ರೂ ಬೆಳಗಿನ ಅಭ್ಯಾಸದ ಓಟಕ್ಕೇ ಗೋಣು ಹೊರಹಾಕಿತ್ತು, ಕೆಂಪು ಬೊಟ್ಟಿನ ಪಕ್ಕದಲ್ಲೇ.

ಸ್ಪಿರಿಟ್ ಹಾಕಿ ಎಣ್ಣೆ ತೊಳೆದ, ಒರೆಸಿದ, ಮತ್ತೆ ತೊಳೆದ. ಹೊಸ ಬಾಟಲಿಯ ಮೂತಿ ಕತ್ತರಿಸಿ ಮೊದಲ ತೊಟ್ಟನ್ನು ಬೆರಳ ಮೇಲೆ ಬಿಟ್ಟುಕೊಂಡು ಉಜ್ಜಿದ. ಅಂಟೇ. ಮೂಸಿ ನೋಡಿದ. ಅಂಟೇ. ನಂಬಿಕೆಯಾಗದೆ ಅದನ್ನು ಅಣ್ಣನ ಕೈಗೆ ಕೊಟ್ಟ. "ನೀವೂ ಒಂದು ಸಲ ನೋಡಿ."

ಅಣ್ಣ ನೋಡಿದ. "ಅಂಟೇ."

"ಅರ್ಧ ಗಂಟೆ ಬಿಡಬೇಕು. ಅಲ್ಲೀವರೆಗೆ ಮುಟ್ಟಬೇಡಿ."

ಮೇಷ್ಟ್ರು ಅರ್ಧ ಗಂಟೆ ಬಿಟ್ಟರು. ಹಾಳೆಯ ಮಾತು ಯಾರೂ ಎತ್ತಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಂದು ಕುರ್ಚಿಯ ಮೇಲೆ ಕಾಲಿಟ್ಟು ಐಸು ಕಟ್ಟಿದರು. ಆಸ್ಪತ್ರೆಗೆ ಹೋಗೋಣ ನಡಿ ಅಂತ ಕುಕ್ಕರ್ ಎರಡು ಸಲ ಬೇಡಿಕೊಂಡ. "ಆ ಎರಡು ಕಾರು ಓಡಿ ಮುಗೀಲಿ, ಬರ್ತೀನಿ. ಈ ಭಯ ಹೊತ್ಕೊಂಡು ಆಸ್ಪತ್ರೇಲಿ ಕೂರೋಕೆ ನನ್ನ ಕೈಲಾಗಲ್ಲ," ಅಂದಳು.

ಅರ್ಧ ಗಂಟೆಯಾದ ಮೇಲೆ ಅಣ್ಣ ರಿಮೋಟು ಹಿಡಿದುಕೊಂಡು ಬಂದ. ಅಟ್ಟ ಹತ್ತಲಿಲ್ಲ. ತಲೆ ಕೆರೆದುಕೊಂಡ.

"ಬೇಜಾರು ಮಾಡ್ಕೋಬೇಡಿ ಕುಕ್ಕರಣ್ಣ. ಕಾರು ಓಡಿಸೋಕೆ ನನಗೆ ಕೈ ಬರ್ತಿಲ್ಲ. ಅಲ್ಲಿ ನಾಲ್ಕರಲ್ಲಿ ಇನ್ಯಾರನ್ನೋ ನಿಲ್ಲಿಸಿ ಓಡಿಸು ಅಂದ್ರೆ ಹೆಂಗೆ? ನೀವೇ ನಿಲ್ತೀರಾದ್ರೆ ಓಡಿಸ್ತೀವಿ."

ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ. ಕುಕ್ಕರ್ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಕಿತ್ತಳೆ ಅಂಗಿ ಬಿಚ್ಚಿ ಚಾಚಿ ಹಿಡಿದಿದ್ದಳು.

ಅಂಗಿ ಅವನಿಗೆ ಬಿಗಿಯಾಯಿತು. ನಾಲ್ಕನೇ ಜಾಗಕ್ಕೆ ಹೋಗಿ ಪೈಪಿನ ಹಿಂದೆ ನಿಂತ. ಇಷ್ಟು ವರ್ಷದಲ್ಲಿ ಆ ಮೂಲೆಯಲ್ಲಿ ಅವನು ಒಂದು ದಿನವೂ ನಿಂತಿರಲಿಲ್ಲ. ಮೇಜಿನ ಹತ್ತಿರದಿಂದ ನೋಡಿದರೆ ನೇರ ದಾರಿ ಉದ್ದವಾಗಿ ಕಾಣುತ್ತಿತ್ತು. ಇಲ್ಲಿಂದ ನೋಡಿದರೆ ಅದು ಒಂದು ಕೊಳವೆ. ಅದರ ಇನ್ನೊಂದು ಬಾಯಿಂದ ಏನು ಬಂದರೂ ನೆಟ್ಟಗೆ ತನ್ನ ಕಾಲಿಗೇ ಬರುತ್ತದೆ. ನೆಲದ ಮೇಲೆ ಅವಳ ರಕ್ತದ ಎರಡು ಹನಿ ಮಣ್ಣಿಗೆ ಸೇರಿ ಕಪ್ಪಾಗಿತ್ತು.

ಮೇಷ್ಟ್ರು ಸೀಟಿ ಊದಿದರು. ಮೊದಲನೇ ಸುತ್ತು. ಅಣ್ಣನ ಕಾರು ಬಂತು. ಅದು ಚುಕ್ಕೆಯಾಗಿದ್ದದ್ದು ಕೈಯಷ್ಟಾಯಿತು, ಕೈಯಷ್ಟಿದ್ದದ್ದು ಎದೆಯಷ್ಟಾಯಿತು. ಕಣ್ಣು ಮುಚ್ಚಬೇಕು ಅನ್ನಿಸಿತು, ಮುಚ್ಚಲಿಲ್ಲ. ಕಾರು ಮೂತಿ ತಗ್ಗಿಸಿತು. ನಾಲ್ಕು ಚಕ್ರವೂ ಮಣ್ಣು ಕಚ್ಚಿದವು. ಅವನ ಮೊಣಕಾಲಿಗೆ ಧೂಳೆರಚಿ ಎಡಕ್ಕೆ ಹೊರಳಿ ಹೋಯಿತು.

ಅದರ ಹಿಂದೆಯೇ ತಮ್ಮನ ಕಾರು. ಅದಕ್ಕೆ ಕಿವಿ ಕೊಟ್ಟ. ಟಕಟಕ ಇದೆಯಾ? ಇಲ್ಲ. ಇದೆಯಾ? ಅದು ಅವನ ಎದೆಯದೇ ಸದ್ದು.

ದೂರದಲ್ಲಿ ಬೇಲಿಯಾಚೆ ಅವಳು ಕಾಲು ಚಾಚಿ ಕೂತು, ಒಂದು ಕೈ ಮೇಲಕ್ಕೆತ್ತಿ ಬೆರಳು ತೋರಿಸಿದಳು. ಒಂದು. ಕಾರುಗಳು ಮತ್ತೆ ಬಂದವು, ಮತ್ತೆ ಹೊರಳಿದವು. ಎರಡು.

ಇನ್ನೂ ಒಂಬತ್ತು ಸುತ್ತು ಇತ್ತು. ಅವನು ಪೈಪಿನ ಹಿಂದೆ ಕಾಲು ಅಗಲಿಸಿ ನಿಂತು, ಬಾಯಿ ಮುಚ್ಚಿಕೊಂಡು, ಬರುವ ಒಂದೊಂದು ಸದ್ದಿಗೂ ಕಿವಿ ಕೊಟ್ಟ.